ಅಚ್ಚಿನ ಹುಟ್ಟನ್ನು ಓದಲು ಎಲ್ಲಿಗೆ ಹೋಗಬೇಕು?

ಪ್ರತಿವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. 1843ರ ಅದೇ ದಿನ ಹೆರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆಯನ್ನು ಹೊರತಂದರು ಎಂಬುದನ್ನು ಅಂದಿನ ಸಭೆಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ಆದರೆ ಆ ಹಾಳೆ ಹೇಗೆ ಅಚ್ಚಾಯಿತು ಎಂಬುದನ್ನು ಹೇಳುವವರು ಕಡಿಮೆ. ಸೀಸದ ಮೊಳೆಗಳನ್ನು ಜೋಡಿಸಿ ಅಚ್ಚುಹಾಕಿದ ಪತ್ರಿಕೆ ಅದಲ್ಲ. ಅದು ಬಂದದ್ದು ಕಲ್ಲಚ್ಚಿನಲ್ಲಿ.

ಕಲ್ಲಚ್ಚಿನ ಕೆಲಸ ಹೀಗೆ: ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು, ಇಲ್ಲವೇ ಕಾಗದದ ಮೇಲೆ ಬರೆದದ್ದನ್ನು ಕಲ್ಲಿಗೆ ಇಳಿಸಬೇಕು. ಆಮೇಲೆ ಕಲ್ಲನ್ನು ಒದ್ದೆಮಾಡಿ ಅಚ್ಚಿನ ಮಸಿ ಸವರಿದರೆ ಬರೆದ ಜಾಗ ಮಸಿ ಹಿಡಿಯುತ್ತದೆ, ಒದ್ದೆಯಾದ ಜಾಗ ಹಿಡಿಯುವುದಿಲ್ಲ. 18ನೆಯ ಶತಮಾನದ ಕೊನೆಯಲ್ಲಿ ಮ್ಯೂನಿಕ್‌ನ ಆಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಈ ವಿಧಾನಕ್ಕೆ ಮೊಳೆಯೂ ಬೇಡ, ಮೊಳೆ ಜೋಡಿಸುವವರೂ ಬೇಡ. ಕಾಗುಣಿತ, ಒತ್ತಕ್ಷರಗಳು ತುಂಬಿದ ಕನ್ನಡದಂಥ ಲಿಪಿಗೆ ನೂರಾರು ಬಗೆಯ ಮೊಳೆಗಳನ್ನು ಎರಕ ಹೊಯ್ಯಿಸುವ ಖರ್ಚು ಉಳಿಯಿತು. ಅಕ್ಷರ ದುಂಡಗಿರುವ ಒಬ್ಬ ಬರೆಹಗಾರ ಸಿಕ್ಕರೆ ಸಾಕಾಯಿತು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಯಿತು, ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡಿತು, ಅಲ್ಲಿ ಮೊಳೆಯಲ್ಲಿ ಅಚ್ಚಾಗತೊಡಗಿತು. ಮಂಗಳೂರಿನ ಸಂಚಿಕೆಯಲ್ಲಿರುವುದು ಒಬ್ಬ ಮನುಷ್ಯನ ಕೈಬರಹ, ಬಳ್ಳಾರಿಯದರಲ್ಲಿರುವುದು ಎರಕದ ಅಕ್ಷರ. ಈ ವ್ಯತ್ಯಾಸ ಕಾಣದವರಿಗೆ ಕನ್ನಡ ಪತ್ರಿಕೋದ್ಯಮದ ಮೊದಲ ವರ್ಷದ ಅರ್ಧ ಕಥೆ ಕೈತಪ್ಪುತ್ತದೆ.

ಹಳೆಯ ಅಚ್ಚುಪುಸ್ತಕದಲ್ಲಿ ಓದಬೇಕಾದದ್ದು ಬರೀ ಮಾತಲ್ಲ. ಕಾಗದ, ಮಸಿ, ಮೊಳೆ, ಹೊಲಿಗೆ, ರಟ್ಟು, ಅಂಚಿನಲ್ಲಿ ಯಾರೋ ಗೀಚಿದ ಟಿಪ್ಪಣಿ ಇವೆಲ್ಲವೂ ಮಾತನಾಡುತ್ತವೆ. ಆ ಓದನ್ನು ಕಲಿಯಬಯಸುವ ಕನ್ನಡದ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು?

ಮೊದಲ ಹೆಸರು ಸ್ವಿಟ್ಜರ್ಲೆಂಡಿನ ಬಾಸೆಲ್. ಕನ್ನಡಿಗರಿಗೆ ಇದು ಮಿಶನ್ನಿನ ಊರು. 1815ರಲ್ಲಿ ಅಲ್ಲಿ ಹುಟ್ಟಿದ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, 1841ರಲ್ಲಿ ಅಚ್ಚುಕೂಟ ತೆರೆಯಿತು. ಪುಸ್ತಕ ಚರಿತ್ರೆ ಬಲ್ಲವರಿಗೆ ಅದೇ ಊರು ಬೇರೆಯೇ ಕಾರಣಕ್ಕೆ ಹೆಸರುವಾಸಿ. ರೈನ್ ನದಿಯ ದಡದ ಈ ಪಟ್ಟಣದಲ್ಲಿ ಯೊಹಾನ್ ಫ್ರೋಬೆನ್ 1516ರಲ್ಲಿ ಇರಾಸ್ಮಸ್ ಸಂಪಾದಿಸಿದ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚುಹಾಕಿದರು. 1543ರಲ್ಲಿ ಒಪೊರಿನಸ್ ಎಂಬ ಮುದ್ರಕರು ವೆಸೇಲಿಯಸ್‌ನ ಅಂಗರಚನಾ ಶಾಸ್ತ್ರದ ಮಹಾಗ್ರಂಥವನ್ನು ಅದ್ಭುತ ಚಿತ್ರಗಳೊಂದಿಗೆ ಹೊರತಂದದ್ದೂ ಅಲ್ಲೇ. ಸಾಂಕ್ಟ್ ಆಲ್ಬಾನ್ ಕಣಿವೆಯ ಕಾಲುವೆಯ ಪಕ್ಕದ ಹಳೆಯ ಕಾಗದದ ಗಿರಣಿ ಈಗ ಕಾಗದ, ಬರೆಹ ಮತ್ತು ಮುದ್ರಣದ ವಸ್ತುಸಂಗ್ರಹಾಲಯ. ಬಂದವರು ಚಿಂದಿಬಟ್ಟೆಯ ತಿರುಳಿನಿಂದ ತಮ್ಮ ಕೈಯಾರೆ ಹಾಳೆ ಎತ್ತಬಹುದು, ಮೊಳೆ ಎರಕ ಹೊಯ್ಯುವುದನ್ನು ನೋಡಬಹುದು. ಅದೇ ಊರಿನಲ್ಲಿ ಮಿಶನ್ನಿನ ದಾಖಲೆಗಳ ಭಂಡಾರವಿದೆ: ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಿಂದ ಬರೆದ ಕಾಗದಗಳು, ವಾರ್ಷಿಕ ವರದಿಗಳು, ಹಳೆಯ ಛಾಯಾಚಿತ್ರಗಳು. ಯುರೋಪಿನ ಮೊದಲ ನೂರು ವರ್ಷಗಳ ಅಚ್ಚು ಮತ್ತು ಕನ್ನಡದ ಮೊದಲ ನೂರು ವರ್ಷಗಳ ಅಚ್ಚು, ಎರಡನ್ನೂ ಒಂದೇ ಪ್ರವಾಸದಲ್ಲಿ ಓದಬಹುದಾದ ಊರು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಜರ್ಮನಿಯ ಮೈಂಟ್ಸ್‌ಗೆ ಜನ ಹೋಗುವುದು ಗುಟೆನ್‌ಬರ್ಗ್ ಹೆಸರಿಗಾಗಿ. 1900ರಲ್ಲಿ ಸ್ಥಾಪನೆಯಾದ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ 42 ಸಾಲಿನ ಬೈಬಲ್ಲಿನ ಎರಡು ಪ್ರತಿಗಳಿವೆ. 1455ರ ಹೊತ್ತಿಗೆ ಮುಗಿದ ಆ ಬೈಬಲ್ ಸುಮಾರು 180 ಪ್ರತಿ ಅಚ್ಚಾಗಿರಬೇಕೆಂದು ವಿದ್ವಾಂಸರ ಅಂದಾಜು. ಇಂದು ಸುಮಾರು 49 ಉಳಿದಿವೆ. ಏಷ್ಯಾದಲ್ಲಿರುವುದು ಒಂದೇ ಒಂದು, ಟೋಕಿಯೋದ ಕೇಯೋ ವಿಶ್ವವಿದ್ಯಾಲಯದಲ್ಲಿ, ಅದೂ ಮೊದಲ ಸಂಪುಟ ಮಾತ್ರ.

ಆದರೆ ಒಂದೇ ಒಂದು ಜಾಗಕ್ಕೆ ಹೋಗಲು ಸಾಧ್ಯ ಎನ್ನುವವರು ಬೆಲ್ಜಿಯಮ್ಮಿನ ಆಂಟ್‌ವರ್ಪ್‌ಗೆ ಹೋಗಬೇಕು. ಅಲ್ಲಿನ ಶುಕ್ರವಾರಪೇಟೆಯಲ್ಲಿ ಪ್ಲಾಂಟಿನ್-ಮೊರೆಟಸ್ ಮನೆ ಇದೆ. ಕ್ರಿಸ್ಟೋಫ್ ಪ್ಲಾಂಟಿನ್ ಫ್ರಾನ್ಸಿನಿಂದ ಬಂದ ರಟ್ಟುಕಟ್ಟುವ ಕಸುಬಿನವರು. 1555ರಲ್ಲಿ ಅಚ್ಚಿನ ಕೆಲಸಕ್ಕಿಳಿದರು. ಇಪ್ಪತ್ತು ವರ್ಷಗಳಲ್ಲಿ ಅವರ ಅಚ್ಚುಕೂಟದಲ್ಲಿ 16 ಯಂತ್ರಗಳಿದ್ದವು, ಐವತ್ತಕ್ಕೂ ಹೆಚ್ಚು ಕೆಲಸಗಾರರಿದ್ದರು. 1568ರಿಂದ 1572ರವರೆಗೆ ಹೀಬ್ರೂ, ಗ್ರೀಕ್, ಲ್ಯಾಟಿನ್, ಅರಮಾಯಿಕ್, ಸಿರಿಯಾಕ್ ಎಂಬ ಐದು ಭಾಷೆಗಳಲ್ಲಿ ಎಂಟು ಸಂಪುಟಗಳ ಬೈಬಲ್ಲನ್ನು ಅಚ್ಚುಹಾಕಿದರು. ಒಂದೇ ತೆರೆದ ಪುಟದಲ್ಲಿ ಬೇರೆಬೇರೆ ಲಿಪಿಗಳ ಅಂಕಣಗಳನ್ನು ಸಾಲಿಗೆ ಸಾಲು ಹೊಂದಿಸಬೇಕಿತ್ತು. ಕೈಯಲ್ಲಿ ಮೊಳೆ ಜೋಡಿಸಿದವರಿಗೆ ಮಾತ್ರ ಅದರ ಕಷ್ಟ ಪೂರ್ತಿ ಅರ್ಥವಾದೀತು.

ಪ್ಲಾಂಟಿನ್ 1589ರಲ್ಲಿ ತೀರಿಕೊಂಡ ಮೇಲೆ ಅಳಿಯ ಯಾನ್ ಮೊರೆಟಸ್ ಕೆಲಸ ಮುಂದುವರಿಸಿದರು. ಅಲ್ಲಿಂದ ಮುಂದೆ ಒಂದೇ ಮನೆತನ, ಒಂದೇ ಮನೆ, ಮುನ್ನೂರು ವರ್ಷ. 1876ರಲ್ಲಿ ಎಡ್ವರ್ಡ್ ಮೊರೆಟಸ್ ಅದನ್ನು ನಗರಕ್ಕೆ ಮಾರಿದರು, ಮರುವರ್ಷ ವಸ್ತುಸಂಗ್ರಹಾಲಯ ತೆರೆಯಿತು, 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣವಾಯಿತು. ಮನೆತನದವರು ಏನನ್ನೂ ಎಸೆಯಲಿಲ್ಲ ಎಂಬುದೇ ಈ ಜಾಗದ ದೊಡ್ಡ ಭಾಗ್ಯ. 1600ರ ಸುಮಾರಿನ ಎರಡು ಮುದ್ರಣ ಯಂತ್ರಗಳು ಅಲ್ಲೇ ನಿಂತಿವೆ. ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಯಂತ್ರಗಳು ಅವು. ಕ್ಲೋದ್ ಗಾರಮಾಂಡ್ ಮತ್ತು ರಾಬರ್ಟ್ ಗ್ರಾಂಜೋನ್ ಉಕ್ಕಿನಲ್ಲಿ ಕೆತ್ತಿದ ಅಕ್ಷರಗಳು, ಅವುಗಳಿಂದ ಒತ್ತಿದ ತಾಮ್ರದ ಪಡಿಯಚ್ಚುಗಳು, ಚಿತ್ರ ಕೆತ್ತಿದ ಮರದ ಹಲಗೆಗಳು, ಮೊಳೆಯ ಪೆಟ್ಟಿಗೆಗಳು ಎಲ್ಲ ಉಳಿದಿವೆ. ಇವೆಲ್ಲಕ್ಕಿಂತ ಬೆಲೆಬಾಳುವುದು ಲೆಕ್ಕಪುಸ್ತಕಗಳು. ಯಾರಿಗೆ ಎಷ್ಟು ಕೂಲಿ, ಯಾವ ಪುಸ್ತಕಕ್ಕೆ ಎಷ್ಟು ಕಾಗದ, ಯಾವ ವ್ಯಾಪಾರಿಗೆ ಎಷ್ಟು ಪ್ರತಿ, ಬಾಕಿ ಎಷ್ಟು ಎಂಬುದು ಅಂದಿನ ಕೈಬರಹದಲ್ಲೇ ಇದೆ. ಪುಸ್ತಕ ಎಂಬುದು ಕಾಗದದ ಸಾಲ ತೀರಿಸುತ್ತ ನಡೆಸಬೇಕಾದ ವ್ಯಾಪಾರವೂ ಹೌದು ಎಂಬ ಸತ್ಯವನ್ನು ಈ ಲೆಕ್ಕಗಳಷ್ಟು ಚೆನ್ನಾಗಿ ಕಲಿಸುವ ಗ್ರಂಥ ಇಲ್ಲ.

ಆ ಮನೆಯಲ್ಲಿ ಪ್ರೂಫ್ ತಿದ್ದುವವರ ಕೋಣೆ ಇದೆ. ಕಾರ್ನೆಲಿಸ್ ಕಿಲಿಯಾನ್ ಎಂಬವರು ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ, ಆಮೇಲೆ ಜೀವಮಾನವೆಲ್ಲ ಪ್ಲಾಂಟಿನ್ ಮನೆಯ ಪ್ರೂಫ್ ತಿದ್ದುತ್ತ, ಡಚ್ ಭಾಷೆಯ ಮೊದಲ ಘನವಾದ ನಿಘಂಟುಗಳಲ್ಲೊಂದನ್ನು ಕಟ್ಟಿದರು. ನಿಘಂಟುಕಾರರು ಅಚ್ಚುಕೂಟದ ಮಸಿಯ ನಡುವೆಯೇ ತಯಾರಾಗುತ್ತಾರೆ ಎಂಬುದು ಕಿಟ್ಟೆಲ್ಲರ ನಾಡಿನವರಿಗೆ ಹೊಸ ವಿಷಯವಲ್ಲ.

ಆಂಟ್‌ವರ್ಪಿಗೂ ಕನ್ನಡ ಕರಾವಳಿಯ ನೆರೆಯ ಗೋವೆಗೂ ಒಂದು ನಿಜವಾದ ನಂಟಿದೆ. ಭಾರತಕ್ಕೆ ಮುದ್ರಣ ಯಂತ್ರ ಬಂದದ್ದು 1556ರಲ್ಲಿ, ಗೋವೆಗೆ; ಇಥಿಯೋಪಿಯಾಕ್ಕೆ ಹೋಗಬೇಕಾಗಿದ್ದ ಯಂತ್ರ ಅಲ್ಲೇ ಉಳಿಯಿತು. 1563ರಲ್ಲಿ ಅಲ್ಲಿ ವೈದ್ಯ ಗಾರ್ಸಿಯಾ ದ ಓರ್ಟಾ ಈ ನಾಡಿನ ಗಿಡಮೂಲಿಕೆ, ಮದ್ದುಗಳನ್ನು ಕುರಿತು ಸಂಭಾಷಣೆಯ ರೂಪದ ಪೋರ್ಚುಗೀಸ್ ಪುಸ್ತಕ ಅಚ್ಚುಹಾಕಿಸಿದರು. ತಪ್ಪು-ಒಪ್ಪುಗಳ ಪಟ್ಟಿಯೇ ಪುಟಗಟ್ಟಲೆ ಇದ್ದ ಪುಸ್ತಕ ಅದು. ನಾಲ್ಕೇ ವರ್ಷಗಳಲ್ಲಿ, 1567ರಲ್ಲಿ, ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಮಾಡಿದ ಅದರ ಲ್ಯಾಟಿನ್ ಸಂಗ್ರಹವನ್ನು ಪ್ಲಾಂಟಿನ್ ಪ್ರಕಟಿಸಿದರು. ಯುರೋಪಿನ ಪಂಡಿತರು ಈ ನೆಲದ ಮದ್ದುಗಿಡಗಳನ್ನು ಓದಿಕೊಂಡದ್ದು ಆ ಪುಸ್ತಕದಿಂದ.

ಇನ್ನು, ಕೈಹಿಡಿದು ಕಲಿಸುವ ಶಾಲೆಗಳು. 1983ರಲ್ಲಿ ಟೆರಿ ಬೆಲಾಂಜರ್ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ‘ರೇರ್ ಬುಕ್ ಸ್ಕೂಲ್’ ಆರಂಭಿಸಿದರು. 1992ರಲ್ಲಿ ಅದು ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಬಂತು. ಒಂದೊಂದು ವಿಷಯಕ್ಕೆ ಒಂದೊಂದು ವಾರದ ಪಾಠ. ಗ್ರಂಥಪಾಲಕರು, ಪ್ರಾಧ್ಯಾಪಕರು, ಪುಸ್ತಕ ವ್ಯಾಪಾರಿಗಳು, ವಿದ್ಯಾರ್ಥಿಗಳು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಲಂಡನ್ ವಿಶ್ವವಿದ್ಯಾಲಯದಲ್ಲೂ ಫ್ರಾನ್ಸಿನ ಲಿಯಾನ್‌ನಲ್ಲೂ ಇದೇ ಬಗೆಯ ತರಗತಿಗಳು ನಡೆಯುತ್ತ ಬಂದಿವೆ.

ಅಲ್ಲಿ ಕಲಿಸುವುದು ಏನನ್ನು? ಹಾಳೆಯನ್ನು ಬೆಳಕಿಗೆ ಹಿಡಿಯುವುದು ಮೊದಲ ಪಾಠ. ಕೈಯಿಂದ ಮಾಡಿದ ಹಳೆಯ ಕಾಗದದಲ್ಲಿ ಜರಡಿಯ ತಂತಿಗಳ ಗುರುತು ಕಾಣುತ್ತದೆ. ಪೂರ್ತಿ ಹಾಳೆಯನ್ನು ಒಂದು ಸಲ ಮಡಿಸಿದ್ದರೆ ದಪ್ಪ ತಂತಿಯ ಗೆರೆಗಳು ನೆಟ್ಟಗೆ ನಿಲ್ಲುತ್ತವೆ, ಎರಡು ಸಲ ಮಡಿಸಿದ್ದರೆ ಅಡ್ಡಡ್ಡ ಮಲಗುತ್ತವೆ, ಮೂರು ಸಲ ಮಡಿಸಿದ್ದರೆ ಮತ್ತೆ ನೆಟ್ಟಗಾಗುತ್ತವೆ. ಹಾಳೆಯನ್ನು ಎಷ್ಟು ಸಲ ಮಡಿಸಿದ್ದಾರೆ ಎಂಬುದಕ್ಕೆ ಅಳತೆಪಟ್ಟಿ ಇಲ್ಲದೆಯೇ ಮೊದಲ ಸುಳಿವು ಸಿಗುತ್ತದೆ. ಮುದ್ರಕನ ಹೆಸರೇ ಇಲ್ಲದ ಪುಸ್ತಕವಾದರೆ ಇಪ್ಪತ್ತು ಸಾಲುಗಳ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು, ಅಕ್ಷರಗಳ ಆಕಾರ ನೋಡಿ, ಅದು ಯಾರ ಮೊಳೆ ಎಂದು ಪತ್ತೆಹಚ್ಚುತ್ತಾರೆ. 1501ಕ್ಕೆ ಮುಂಚಿನ ಯುರೋಪಿನ ಪುಸ್ತಕಗಳನ್ನು ಹೀಗೆಯೇ ಊರು, ವರ್ಷ, ಮುದ್ರಕರಿಗೆ ಹೊಂದಿಸಿದ್ದಾರೆ. ಆ ಕಾಲದ ಸುಮಾರು 30,000 ಆವೃತ್ತಿಗಳ ವಿವರ, ಯಾವ ಗ್ರಂಥಾಲಯದಲ್ಲಿ ಯಾವ ಪ್ರತಿ ಇದೆ ಎಂಬ ಮಾಹಿತಿ ಬ್ರಿಟಿಷ್ ಲೈಬ್ರರಿ 1980ರಲ್ಲಿ ಆರಂಭಿಸಿದ ಪಟ್ಟಿಯಲ್ಲಿ ಸಿಗುತ್ತದೆ. ಬರ್ಲಿನ್‌ನಲ್ಲಿ ಇಂಥದೇ ಕೆಲಸ 1904ರಿಂದ ನಡೆದಿದೆ.

ಪ್ರತಿ ಪ್ರತಿಗೂ ಹೋಲಿಸಿ ನೋಡುವ ಕೆಲಸ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯ ಸಾಕ್ಷಿ. ಷೇಕ್ಸ್‌ಪಿಯರನ ನಾಟಕಗಳ 1623ರ ಮೊದಲ ಸಂಗ್ರಹದ 82 ಪ್ರತಿಗಳು ಅಲ್ಲಿವೆ. ಒಂದೇ ಪುಸ್ತಕದ ಅಷ್ಟು ಪ್ರತಿ ಯಾಕೆ ಬೇಕು ಎಂದು ಯಾರಿಗಾದರೂ ಅನಿಸಬಹುದು. ಚಾರ್ಲ್ಟನ್ ಹಿನ್ಮನ್ ಉತ್ತರ ಕೊಟ್ಟರು. ಎರಡು ಪ್ರತಿಗಳ ಒಂದೇ ಪುಟವನ್ನು ಕನ್ನಡಿಗಳ ಮೂಲಕ ಒಂದರ ಮೇಲೊಂದು ಕಾಣಿಸಿ, ದೀಪಗಳನ್ನು ಸರದಿಯಂತೆ ಹೊತ್ತಿಸಿ ಆರಿಸುವ ಯಂತ್ರವನ್ನು ಅವರು ರೂಪಿಸಿದರು. ಎಲ್ಲಿ ಒಂದು ಅಕ್ಷರ ಬೇರೆ ಇದೆಯೋ ಅದು ಅಲುಗಾಡಿದಂತೆ ಕಣ್ಣಿಗೆ ಹೊಡೆಯುತ್ತದೆ. ಹೀಗೆ ಐವತ್ತಕ್ಕೂ ಹೆಚ್ಚು ಪ್ರತಿಗಳನ್ನು ಹೋಲಿಸಿ, ಅಚ್ಚು ನಡೆಯುತ್ತಿರುವಾಗಲೇ ಯಂತ್ರ ನಿಲ್ಲಿಸಿ ತಿದ್ದಿದ ಜಾಗಗಳನ್ನು ಅವರು ಗುರುತಿಸಿದರು; ಜಖಂಗೊಂಡ ಮೊಳೆಗಳ ಜಾಡು ಹಿಡಿದರು; ಮೊಳೆ ಜೋಡಿಸಿದವರು ಸಣ್ಣ ಸಣ್ಣ ಪದಗಳನ್ನು ಯಾವ ಕಾಗುಣಿತದಲ್ಲಿ ಜೋಡಿಸುತ್ತಿದ್ದರು ಎಂಬುದರಿಂದ ಐವರು ಕೆಲಸಗಾರರ ಕೈಗಳನ್ನು ಬೇರ್ಪಡಿಸಿದರು. 1963ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಓಲೆಗರಿಯ ಪಾಠಾಂತರಗಳನ್ನು ಹೋಲಿಸಿ ಪಂಪ, ರನ್ನರನ್ನು ಸಂಪಾದಿಸಿದ ನಾಡಿನವರಿಗೆ ಈ ಶ್ರದ್ಧೆ ಪರಿಚಿತ. ಅದೇ ಶ್ರದ್ಧೆ ಅಚ್ಚುಪುಸ್ತಕಕ್ಕೂ ಬೇಕು ಎಂಬುದಷ್ಟೇ ಇಲ್ಲಿ ಹೊಸದು. ಅಚ್ಚಾದ ಪ್ರತಿಗಳೆಲ್ಲ ಒಂದೇ ಎಂದು ನಂಬಿ ಒಂದನ್ನಿಟ್ಟುಕೊಂಡು ಉಳಿದದ್ದನ್ನು ರದ್ದಿಗೆ ಹಾಕುವ ಗ್ರಂಥಾಲಯ ದೊಡ್ಡ ನಷ್ಟ ಮಾಡಿಕೊಳ್ಳುತ್ತದೆ.

ವಿದೇಶ ಪ್ರವಾಸ ಎಲ್ಲರಿಗೂ ಆಗುವ ಮಾತಲ್ಲ. ಭಾರತದಲ್ಲೂ ಜಾಗಗಳಿವೆ.

ಪಣಜಿಯ ಕೇಂದ್ರ ಗ್ರಂಥಾಲಯ 1832ರಷ್ಟು ಹಳೆಯದು; ಗೋವೆಯ ಮುದ್ರಣ ಚರಿತ್ರೆಗೆ ಅದು ಹೆಬ್ಬಾಗಿಲು. ತಮಿಳುನಾಡಿನ ತರಂಗಂಬಾಡಿಯಲ್ಲಿ ಝೀಗನ್‌ಬಾಲ್ಗ್ 1715ರ ಹೊತ್ತಿಗೆ ತಮಿಳು ಹೊಸ ಒಡಂಬಡಿಕೆಯನ್ನು ಅಚ್ಚುಹಾಕಿದರು. ಅದಕ್ಕೆ ಮೊದಲು ಜರ್ಮನಿಯ ಹಾಲೆಯಲ್ಲಿ ಮಾಡಿಸಿ ತಂದ ತಮಿಳು ಮೊಳೆಗಳು ತೀರ ದೊಡ್ಡವಾಗಿದ್ದರಿಂದ ತರಂಗಂಬಾಡಿಯಲ್ಲೇ ಚಿಕ್ಕವನ್ನು ಎರಕ ಹೊಯ್ಯಬೇಕಾಯಿತು. ಆ ಕಾಲದ ಪತ್ರಗಳು ಇಂದಿಗೂ ಹಾಲೆಯ ಫ್ರಾಂಕೆ ಸಂಸ್ಥೆಯಲ್ಲಿವೆ. ಚೆನ್ನೈನಲ್ಲಿ ರೋಜಾ ಮುತ್ತಯ್ಯ ಗ್ರಂಥಾಲಯವಿದೆ. ಕೋಟ್ಟೈಯೂರಿನ ರೋಜಾ ಮುತ್ತಯ್ಯ ಅವರು ತಮ್ಮ ದುಡ್ಡಿನಲ್ಲಿ ಕೂಡಿಟ್ಟ ಸಾವಿರಾರು ತಮಿಳು ಪುಸ್ತಕಗಳು, ನಾಟಕದ ಕರಪತ್ರಗಳು, ಆಮಂತ್ರಣ ಪತ್ರಿಕೆಗಳು 1994ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ನೆರವಿನಿಂದ ಸಂಶೋಧನ ಗ್ರಂಥಾಲಯವಾದವು. ಒಬ್ಬರ ಹುಚ್ಚು ಒಂದು ಭಾಷೆಯ ಆಸ್ತಿಯಾದ ಬಗೆ ಇದು. ಕನ್ನಡಕ್ಕೂ ಇಂಥದೊಂದು ಬೇಕೇ ಬೇಕು.

ಕನ್ನಡ ಮೊಳೆಯ ಮೊದಲ ಹೆಜ್ಜೆಗಳನ್ನು ಹುಡುಕುವವರು ಬಂಗಾಳಕ್ಕೆ ಹೋಗಬೇಕು. ಕೋಲ್ಕತ್ತದ ಬಳಿ ಹೂಗ್ಲಿ ನದಿಯ ದಡದ ಶ್ರೀರಾಂಪುರದಲ್ಲಿ 1800ರಲ್ಲಿ ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಸೇರಿ ಅಚ್ಚುಕೂಟ ತೆರೆದರು. ಅಕ್ಷರ ಕೆತ್ತಿದವರು ಪಂಚಾನನ ಕರ್ಮಕಾರ, ಅವರ ನಂತರ ಅಳಿಯ ಮನೋಹರ. 1812ರ ಮಾರ್ಚ್ 11ರ ಸಂಜೆ ಬೆಂಕಿ ಬಿದ್ದು ಕಾಗದದ ದಾಸ್ತಾನು, ಮೊಳೆಗಳು, ಹಲವು ಭಾಷೆಗಳ ಹಸ್ತಪ್ರತಿಗಳು ಸುಟ್ಟುಹೋದವು. ಕನ್ನಡ ಅನುವಾದದ ಹಾಳೆಗಳೂ ಅವುಗಳಲ್ಲಿದ್ದವು. ಉಕ್ಕಿನ ಕೆತ್ತನೆಗಳು ಉಳಿದದ್ದರಿಂದ ಕರಗಿದ ಲೋಹದಿಂದಲೇ ಮತ್ತೆ ಮೊಳೆ ಎರಕ ಹೊಯ್ದರು. ಐದು ವರ್ಷಗಳ ಮೇಲೆ, 1817ರಲ್ಲಿ, ಕೇರಿಯವರ ಕನ್ನಡ ವ್ಯಾಕರಣ ಅಲ್ಲಿಂದ ಬಂತು. ಅಚ್ಚಾದ ಕನ್ನಡದ ಚರಿತ್ರೆಯನ್ನು ಸಾಮಾನ್ಯವಾಗಿ ಆರಂಭಿಸುವುದು ಆ ಪುಸ್ತಕದಿಂದ. ಶ್ರೀರಾಂಪುರ ಕಾಲೇಜಿನ ಕೇರಿ ಗ್ರಂಥಾಲಯ ಇಂದೂ ಆ ಅಚ್ಚುಕೂಟದ ಪುಸ್ತಕಗಳನ್ನು ಕಾಪಾಡಿಕೊಂಡಿದೆ. ಹತ್ತಿರದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಪುಸ್ತಕದ ಚರಿತ್ರೆಯನ್ನು ಪಾಠವಾಗಿ ಕಲಿಸುವವರಿದ್ದಾರೆ. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಕೈಗೆಟಕುವ ದೂರದಲ್ಲಿದೆ.

ಇಷ್ಟಾದ ಮೇಲೆ ಮಂಗಳೂರಿನ ಬಲ್ಮಠ. ಅಲ್ಲಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ ಅಚ್ಚುಕೂಟದ ಪುಸ್ತಕಗಳ ಭಂಡಾರವಿದೆ. ಮದರಾಸಿನ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಕೊಟ್ಟ ಹಣದಿಂದ ಮೊಗ್ಲಿಂಗ್ 1848ರಿಂದ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ ಕಲ್ಲಚ್ಚಿನದು: ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು. ಓಲೆಗರಿಯಲ್ಲಿದ್ದ ಕಾವ್ಯ ಅಚ್ಚಿಗೆ ಇಳಿದು ನೂರಾರು ಕೈಗಳಿಗೆ ತಲುಪಿತು. ಕಿಟ್ಟೆಲ್ ಸಂಪಾದಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’ 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ 1875ರಲ್ಲಿ, ಅವರ ನಿಘಂಟು 1894ರಲ್ಲಿ ಇದೇ ಅಚ್ಚುಕೂಟದ ಮೊಳೆಗಳಲ್ಲಿ ಬಂದವು. 1883ರಲ್ಲಿ ಮಫೇಯಿ ಎಂಬ ಜೆಸ್ವಿಟ್ ಪಾದ್ರಿಯ ಕೊಂಕಣಿ ನಿಘಂಟನ್ನು ಅಚ್ಚುಹಾಕಿದ್ದೂ ಈ ಪ್ರಾಟೆಸ್ಟಂಟ್ ಅಚ್ಚುಕೂಟವೇ. 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು ಬಂತು. ಹಂಚು, ಹೊದಿಕೆಗಳ ಕಾರ್ಖಾನೆಯ ಊರು ನಾಲ್ಕಾರು ಭಾಷೆಗಳ ಅಚ್ಚಿನ ಊರೂ ಆಗಿತ್ತು.

ಈ ಭಂಡಾರದ ಬೆಲೆಯನ್ನು ಕನ್ನಡಿಗರಿಗೆ ತೋರಿಸಿಕೊಟ್ಟವರು ಶ್ರೀನಿವಾಸ ಹಾವನೂರ. ವೃತ್ತಿಯಿಂದ ಗ್ರಂಥಪಾಲಕರಾಗಿದ್ದ ಅವರ ‘ಹೊಸಗನ್ನಡದ ಅರುಣೋದಯ’ 1974ರಲ್ಲಿ ಪ್ರಕಟವಾಯಿತು. 19ನೆಯ ಶತಮಾನದ ಕನ್ನಡ ಪುಸ್ತಕಗಳನ್ನು ಊರೂರು ಹುಡುಕಿ, ಕೈಯಲ್ಲಿ ಹಿಡಿದು ನೋಡಿ ಬರೆದ ಗ್ರಂಥ ಅದು. ಬಿ.ಎಂ.ಶ್ರೀ ಅವರಿಗಿಂತ ಮುಂಚೆ ಹೊಸಗನ್ನಡದಲ್ಲಿ ಏನಿತ್ತು ಎಂಬ ಪ್ರಶ್ನೆಗೆ ನೂರಾರು ಪುಟಗಳ ಉತ್ತರ. ಈ ಹಾದಿಗೆ ಬರುವ ಯಾರೂ ಅದನ್ನು ಓದದೆ ಮುಂದೆ ಹೋಗಲಾಗದು. ಬಲ್ಮಠದ ಭಂಡಾರದಲ್ಲೂ ಅವರು ವರ್ಷಗಟ್ಟಲೆ ದುಡಿದರು.

ಮಂಗಳೂರಿನಲ್ಲಿ ಸಿಗದ್ದನ್ನು ಹುಡುಕಲು ಇನ್ನೆರಡು ಜಾಗಗಳಿವೆ. ಒಂದು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ. ಮೊಗ್ಲಿಂಗರ ಜೊತೆಗಾರ, ಮಲಯಾಳಂ ನಿಘಂಟುಕಾರ ಹೆರ್ಮನ್ ಗುಂಡರ್ಟ್ ಕೂಡಿಟ್ಟ ಹಸ್ತಪ್ರತಿಗಳು, ಕಲ್ಲಚ್ಚಿನ ಪುಸ್ತಕಗಳು ಅಲ್ಲಿವೆ, ಅವುಗಳಲ್ಲಿ ಕನ್ನಡದವೂ ಸೇರಿವೆ. 2018ರಿಂದ ಅವನ್ನು ಮನೆಯಲ್ಲೇ ಕೂತು ಅಂತರಜಾಲದಲ್ಲಿ ಪುಟ ಪುಟವಾಗಿ ನೋಡಬಹುದು. ಇನ್ನೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿ. ಎಲ್.ಡಿ. ಬಾರ್ನೆಟ್ 1910ರಲ್ಲಿ ಅಲ್ಲಿನ ಕನ್ನಡ, ಬಡಗ, ಕೊಡವ ಪುಸ್ತಕಗಳ ಪಟ್ಟಿಯನ್ನು ಪ್ರಕಟಿಸಿದರು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯಿಂದಾಗಿ ಬ್ರಿಟಿಷ್ ಆಳ್ವಿಕೆಯ ಪ್ರಾಂತಗಳಲ್ಲಿ ಅಚ್ಚಾದ ಪುಸ್ತಕಗಳೆಲ್ಲ ಮೂರು ತಿಂಗಳಿಗೊಮ್ಮೆ ಪಟ್ಟಿಯಾಗಬೇಕಿತ್ತು. ಹೆಸರು, ಅಚ್ಚುಕೂಟ, ಪುಟಸಂಖ್ಯೆ, ಪ್ರತಿಗಳ ಸಂಖ್ಯೆ, ಬೆಲೆ ಎಲ್ಲ ಅದರಲ್ಲಿ ಸಿಗುತ್ತವೆ. ಯಾವ ಯಕ್ಷಗಾನ ಪ್ರಸಂಗ ಎಷ್ಟು ಪ್ರತಿ ಅಚ್ಚಾಯಿತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಆಕರ ಸಿಗದು.

ನಮ್ಮಲ್ಲಿ ಕೆಲವರ ಮನೆಯ ಅಟ್ಟದಲ್ಲಿ ನೂರೈವತ್ತು ವರ್ಷದ ಪುಸ್ತಕ ಇದ್ದೀತು. ಅದನ್ನು ಹೊಸ ರಟ್ಟು ಹಾಕಿಸಲು ಅವಸರದಿಂದ ಕೊಡಬಾರದು, ಸೆಲ್ಲೋಟೇಪು ಅಂಟಿಸಬಾರದು, ಅಂಚು ಕತ್ತರಿಸಬಾರದು. ಶೀರ್ಷಿಕೆ ಪುಟ, ಕೊನೆಯ ಪುಟ, ಒಳರಟ್ಟಿನ ಸಹಿಗಳ ಚಿತ್ರ ತೆಗೆದಿಟ್ಟು ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ತೋರಿಸಿದರೆ ಸಾಕು.

ವಿದ್ಯಾರ್ಥಿಗಳಿಗೆ ಮೊದಲ ಅಭ್ಯಾಸವಾಗಿ ಮೂರು ನಿಘಂಟುಗಳನ್ನು ಸೂಚಿಸಬಹುದು. 1832ರಲ್ಲಿ ಮದರಾಸಿನಲ್ಲಿ ಅಚ್ಚಾದ ವಿಲಿಯಂ ರೀವ್ ಅವರದು, ಅದನ್ನೇ ತಿದ್ದಿ ಹಿಗ್ಗಿಸಿ ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಶನ್ ಅಚ್ಚುಕೂಟದಿಂದ ತಂದದ್ದು, ಮತ್ತು 1894ರ ಮಂಗಳೂರಿನ ಕಿಟ್ಟೆಲ್. ಮೂರರಲ್ಲೂ ಒಂದೇ ಪದವನ್ನು ತೆರೆದು, ಒತ್ತಕ್ಷರ ಸಾಲಿನ ಕೆಳಗೆ ಎಷ್ಟು ಇಳಿದಿದೆ, ಇಪ್ಪತ್ತು ಸಾಲು ಎಷ್ಟು ಎತ್ತರವಿದೆ, ದೀರ್ಘದ ಗುರುತು ಅಕ್ಷರಕ್ಕೆ ಕೂಡಿದೆಯೋ ಬೇರೆ ಮೊಳೆಯಾಗಿ ನಿಂತಿದೆಯೋ ಎಂದು ಅಳತೆಕೋಲು ಹಿಡಿದು ಬರೆದುಕೊಳ್ಳಬೇಕು. ಅರವತ್ತೆರಡು ವರ್ಷಗಳಲ್ಲಿ ಕನ್ನಡ ಮೊಳೆ ಏನೇನಾಯಿತು ಎಂಬುದು ಆ ಟಿಪ್ಪಣಿಯಿಂದಲೇ ತಿಳಿಯತೊಡಗುತ್ತದೆ. ಆಮೇಲೆ ಬಲ್ಮಠಕ್ಕೆ ಒಂದು ಕಾಗದ ಬರೆದು, ಭಂಡಾರ ನೋಡಲು ಅನುಮತಿ ಕೇಳಬಹುದು.